ಸಾಹಿತ್ಯ ವಿಷಯದಲ್ಲಿ ವಾದಪ್ರಬಂಧವನ್ನು ಬರೆಯುವ ಕ್ರಮ

(ವಿಶ್ವವಿದ್ಯಾನಿಲಯಕ್ಕೆ ಹೋಗತಕ್ಕ ವಿದ್ಯಾರ್ಥಿನಿಯರಿಗೆ)



ನಿಮ್ಮಲ್ಲಿ ಅನೇಕರು ಈ ಶಾಲೆಯ ವ್ಯಾಸಂಗವನ್ನು ಮುಗಿಸಿಕೊಂಡು ಕಾಲೇಜನ್ನೂ, ಅಲ್ಲಿಂದ ಮುಂದೆ ವಿಶ್ವವಿದ್ಯಾನಿಲಯದ ತರಗತಿಗಳನ್ನೂ ಸೇರತಕ್ಕವರಾಗಿದ್ದೀರಿ. ಅವರಲ್ಲಿ ಕನ್ನಡವನ್ನಾಗಲಿ ಇಂಗ್ಲಿಷನ್ನಾಗಲಿ ಮುಖ್ಯ ವಿಷಯವಾಗಿ ಆರಿಸಿಕೊಳ್ಳುವವರಿಗೆ ಪ್ರಾರಂಭದಲ್ಲಿಯೇ ಒಂದು ತೊಡಕು ಎದುರಾಗುವುದುಂಟು. ಹೈಸ್ಕೂಲಿನಲ್ಲಿ "ಈ ಪದ್ಯದ ಸಾರಾಂಶವನ್ನು ಬರೆಯಿರಿ", "ಈ ಪಾತ್ರದ ಗುಣಗಳನ್ನು ವಿವರಿಸಿರಿ" ಎಂಬಂತಹ ಪ್ರಶ್ನೆಗಳು ಬರುತ್ತವೆ. ಪಾಠವನ್ನು ಗಮನವಿಟ್ಟು ಕೇಳಿ, ಟಿಪ್ಪಣಿಗಳನ್ನು ಚೆನ್ನಾಗಿ ಓದಿಕೊಂಡ ಹುಡುಗಿಗೆ ಅವು ಕಷ್ಟವಾದವುಗಳಲ್ಲ. ಮೇಲಿನ ತರಗತಿಗಳಲ್ಲಿಯಾದರೋ "ಗದಾಯುದ್ಧದ ನಾಯಕನು ಯಾರು? ಚರ್ಚಿಸಿರಿ", "ಪೋರ್ಷಿಯಳ ನ್ಯಾಯವು ಕರುಣೆಯಿಂದ ಕೂಡಿದುದೆಂಬುದನ್ನು ನೀವು ಒಪ್ಪುವಿರೋ?" ಎಂದು ಕೇಳುತ್ತಾರೆ. ಇಲ್ಲಿ ಕಥೆಯನ್ನು ತಿರುಗಿ ಹೇಳಿದರೆ ಉತ್ತರವಾಗುವುದಿಲ್ಲ. ಕವಿಯನ್ನು ಹೊಗಳಿದರೂ ಉತ್ತರವಾಗುವುದಿಲ್ಲ. ನೀವು ಏನನ್ನು ನಂಬುತ್ತೀರಿ, ಏತಕ್ಕೆ ನಂಬುತ್ತೀರಿ ಎಂಬುದನ್ನೇ ಪರೀಕ್ಷಕರು ಅಪೇಕ್ಷಿಸುತ್ತಾರೆ. ಇಂತಹ ಪ್ರಶ್ನೆಗೆ ಕೊಡುವ ಉತ್ತರಕ್ಕೆ ವಾದಪ್ರಬಂಧವೆಂದು ಹೆಸರಿಡಬಹುದು. ಅದರ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗುವುದು.

ವಾದವೆಂದರೇನು?

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದಲೂ "ಎದುರುತ್ತರ ಕೊಡಬೇಡ" ಎಂದು ಹೇಳಿಕೊಡುವುದು ವಾಡಿಕೆ. ಆದುದರಿಂದ ವಾದವೆಂಬ ಮಾತನ್ನು ಕೇಳಿದೊಡನೆಯೇ ಅದು ಅವಿನಯವೆಂದು ಕೆಲವರು ಹಿಂಜರಿಯುತ್ತಾರೆ. ಈ ಹಿಂಜರಿಕೆಗೆ ಕಾರಣವಿಲ್ಲ. ನಮ್ಮ ದೇಶದ ಪ್ರಾಚೀನ ನ್ಯಾಯಶಾಸ್ತ್ರಜ್ಞರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಸತ್ಯವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆಯುವುದು ವಾದ; ಗೆಲ್ಲಬೇಕೆಂಬ ಒಂದೇ ಆಶೆಯಿಂದ ನಡೆಯುವುದು ಜಲ್ಪ; ತನ್ನದೆಂಬ ಪಕ್ಷವೊಂದನ್ನೂ ಸ್ಥಾಪಿಸದೆ ಪರರ ಮಾತನ್ನು ಖಂಡಿಸುವುದರಲ್ಲಿಯೇ ತೃಪ್ತಿಪಡುವುದು ವಿತಂಡ. ಇವುಗಳಲ್ಲಿ ನಾವು ಕಲಿಯತಕ್ಕದ್ದು ಮೊದಲನೆಯದನ್ನು ಮಾತ್ರ. ಮನೆಯ ಹಿರಿಯರು ಬೇಡವೆಂದು ಹೇಳುವ ಎದುರುತ್ತರವು ಮಿಕ್ಕ ಎರಡರ ಜಾತಿಗೆ ಸೇರಿದುದು.

ಕ್ರೈಸ್ತ ಶಾಲೆಯಲ್ಲಿ ಓದಿದ ನಿಮಗೆ ಇದೇ ಪಾಠವು ಬೇರೊಂದು ಮಾರ್ಗದಿಂದಲೂ ಪರಿಚಿತವಾಗಿದೆ. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಬೆರೋಯ ಪಟ್ಟಣದವರ ಪ್ರಸ್ತಾಪವಿದೆ. ಅವರು ಪೌಲನ ಬೋಧನೆಯನ್ನು ಸಿದ್ಧಮನಸ್ಸಿನಿಂದ ಕೇಳಿದರು. ಆದರೂ ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ಪ್ರತಿದಿನವೂ ಶಾಸ್ತ್ರಗ್ರಂಥವನ್ನು ತೆರೆದು ಶೋಧಿಸಿದರು. ಇದಕ್ಕಾಗಿ ಗ್ರಂಥಕರ್ತನು ಅವರನ್ನು ನಿಂದಿಸಲಿಲ್ಲ, ಸದ್ಗುಣವುಳ್ಳವರೆಂದು ಕೊಂಡಾಡಿದನು. ಗೌರವವೂ ಪರಿಶೋಧನೆಯೂ ಒಂದೇ ಮನಸ್ಸಿನಲ್ಲಿ ಇರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಾಗಿಲ್ಲ.

ಪ್ರತಿಜ್ಞೆ

ವಾದಪ್ರಬಂಧದ ಮೊದಲನೆಯ ಅಂಗವು ಪ್ರತಿಜ್ಞೆ, ಎಂದರೆ ನೀವು ಸ್ಥಾಪಿಸಬೇಕೆಂದಿರುವ ಒಂದು ಮಾತು. ಒಬ್ಬ ವಿವೇಕಿಯು "ಇಲ್ಲ, ಹಾಗಲ್ಲ" ಎಂದು ಹೇಳುವುದಕ್ಕೆ ಅವಕಾಶವಿರುವ ಮಾತೇ ಪ್ರತಿಜ್ಞೆಯಾಗಬಲ್ಲದು. "ರನ್ನನು ಮಹಾಕವಿ" ಎಂದು ಬರೆದರೆ ಯಾರೂ ಅಲ್ಲಗಳೆಯರು. ಆದುದರಿಂದ ಅಲ್ಲಿ ಸ್ಥಾಪಿಸತಕ್ಕದ್ದು ಏನೂ ಉಳಿಯುವುದಿಲ್ಲ. "ಗದಾಯುದ್ಧದಲ್ಲಿ ಭೀಮದುರ್ಯೋಧನರ ಕಾಳಗವು ವರ್ಣಿತವಾಗಿದೆ" ಎಂಬುದು ಕೇವಲ ಸಂಗತಿ. "ನನಗೆ ದುರ್ಯೋಧನನು ಇಷ್ಟ" ಎಂಬುದು ರುಚಿಯ ವಿಷಯ. ಅದನ್ನು ಯಾರೂ ಖಂಡಿಸಲಾರರು, ನೀವೂ ಸಾಧಿಸಲಾರಿರಿ.

ಇದನ್ನು ಸ್ಪಷ್ಟಪಡಿಸಿಕೊಳ್ಳುವುದಕ್ಕಾಗಿ ಗದಾಯುದ್ಧವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮುಧೋಳದವನಾದ ರನ್ನನು 10ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಲುಕ್ಯ ದೊರೆಗಳ ಆಶ್ರಯದಲ್ಲಿದ್ದ ಕವಿ. ಹತ್ತು ಆಶ್ವಾಸಗಳ ಈ ಚಂಪೂಕಾವ್ಯಕ್ಕೆ ಸಾಹಸಭೀಮವಿಜಯವೆಂಬ ಹೆಸರೂ ಉಂಟು. ಕವಿಯು ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಏಕೀಕರಿಸಿ ಕಾವ್ಯವನ್ನು ರಚಿಸಿದ್ದಾನೆ. ಹೀಗಿದ್ದರೂ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಹೆಚ್ಚಾಗಿ ನಿಲ್ಲುವವನು ದುರ್ಯೋಧನನು. ಬಿ. ಎಂ. ಶ್ರೀಕಂಠಯ್ಯನವರು ಇದೇ ಕಾವ್ಯವನ್ನು ಆಧರಿಸಿ ಗದಾಯುದ್ಧ ನಾಟಕವನ್ನು ರೂಪಿಸಿದರು. ನಾಯಕನು ಯಾರೆಂಬ ಪ್ರಶ್ನೆಯು ಹುಟ್ಟಿದ್ದು ಹೀಗೆ.

ಈ ಪ್ರಶ್ನೆಗೆ "ದುರ್ಯೋಧನನೇ ನಾಯಕನು" ಎಂದು ಉತ್ತರಿಸಿದರೆ ಅದು ಪ್ರತಿಜ್ಞೆಯೇನೋ ಹೌದು. ಆದರೆ ತೀರ ಒರಟಾದ ಪ್ರತಿಜ್ಞೆ. ಏಕೆಂದು ನಮ್ಮನ್ನು ನಾವೇ ಎರಡು ಮೂರು ಸಲ ಕೇಳಿಕೊಂಡರೆ ಅದು ಹದಕ್ಕೆ ಬರುತ್ತದೆ. ಕೊನೆಗೆ ಹೀಗೆ ಬರೆಯಬಹುದು: "ಗದಾಯುದ್ಧದಲ್ಲಿ ಪಟ್ಟವು ಭೀಮನಿಗೆ ದೊರೆತರೂ ಓದುಗರ ಕರುಣೆಯು ದುರ್ಯೋಧನನಿಗೆ ಸಲ್ಲುತ್ತದೆ, ತನ್ನ ಛಲಕ್ಕೆ ತೆತ್ತ ಬೆಲೆಯನ್ನು ಅವನು ರಣರಂಗದಲ್ಲಿ ಕಣ್ಣಾರೆ ಕಂಡು, ಕಂಡ ಮೇಲೆಯೂ ಬಗ್ಗದೆ ಹೋಗುವುದೇ ಅದಕ್ಕೆ ಕಾರಣ." ಈ ವಾಕ್ಯದಲ್ಲಿ ಉತ್ತರವೂ ಇದೆ, ಕಾರಣವೂ ಇದೆ, ಪ್ರಬಂಧವು ಮುಂದೆ ಯಾವ ದಾರಿಯಲ್ಲಿ ನಡೆಯಬೇಕೆಂಬ ಸೂಚನೆಯೂ ಇದೆ. ಇಂತಹ ಒಂದು ವಾಕ್ಯವು ಕೈಗೆ ಸಿಕ್ಕುವವರೆಗೆ ಪ್ರಬಂಧವನ್ನು ಪ್ರಾರಂಭಿಸಬೇಡಿರಿ.

ಹೇತುವೂ ಸಾಕ್ಷ್ಯವೂ

ನ್ಯಾಯಶಾಸ್ತ್ರದಲ್ಲಿ ಅನುಮಾನವಾಕ್ಯಕ್ಕೆ ಐದು ಅಂಗಗಳನ್ನು ಹೇಳಿದ್ದಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆಯೆಂಬುದು ಪ್ರತಿಜ್ಞೆ. ಹೊಗೆ ಕಾಣುತ್ತಿರುವುದೇ ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡಿಗೆಮನೆಯಲ್ಲಿರುವಂತೆ, ಎಂಬುದು ಉದಾಹರಣೆ. ಈ ಬೆಟ್ಟದಲ್ಲಿಯೂ ಅಂತಹ ಹೊಗೆಯೇ ಇದೆಯೆಂಬುದು ಉಪನಯ. ಆದುದರಿಂದ ಇಲ್ಲಿ ಬೆಂಕಿಯಿದೆಯೆಂಬುದು ನಿಗಮನ. ಸಾಹಿತ್ಯದ ವಿಚಾರದಲ್ಲಿ ಇಷ್ಟು ಖಚಿತವಾದ ನಿಯಮಗಳು ದೊರೆಯುವುದಿಲ್ಲವಾದರೂ ಒಂದು ಮುಖ್ಯವಾದ ಅಂಶವನ್ನು ಇದರಿಂದ ಕಲಿಯಬಹುದು. ಹೊಗೆಯನ್ನು ತೋರಿಸಿದರೆ ಮಾತ್ರ ಸಾಲದು. ಹೊಗೆಗೂ ಬೆಂಕಿಗೂ ಇರುವ ಸಂಬಂಧವನ್ನು ಸಹ ಹೇಳಬೇಕು. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಈ ಸಂಬಂಧವೇ. ಪದ್ಯವನ್ನು ಉದ್ಧರಿಸುತ್ತಾರೆ, ಅರ್ಥವನ್ನು ಬರೆಯುತ್ತಾರೆ, ಮುಂದಿನ ಪದ್ಯಕ್ಕೆ ಹೋಗುತ್ತಾರೆ. ಆ ಪದ್ಯವು ತಮ್ಮ ಮಾತನ್ನು ಹೇಗೆ ಸ್ಥಾಪಿಸುತ್ತದೆಂಬುದನ್ನು ಮಾತ್ರ ಹೇಳುವುದಿಲ್ಲ.

ಇದಕ್ಕೆ ಒಂದು ಸುಲಭವಾದ ಉಪಾಯವಿದೆ. ಕೃತಿಯನ್ನು ಮೊದಲನೆಯ ಸಲ ಆನಂದಕ್ಕಾಗಿ ಓದಿರಿ. ಎರಡನೆಯ ಸಲ ಸೀಸದ ಕಡ್ಡಿಯನ್ನು ಹಿಡಿದು ಓದಿರಿ. ಒಂದು ಕಾಗದದಲ್ಲಿ ಮೂರು ಅಂಕಣಗಳನ್ನು ಎಳೆದು, ಮೊದಲನೆಯದರಲ್ಲಿ ಆಶ್ವಾಸವನ್ನೂ ಪದ್ಯದ ಸಂಖ್ಯೆಯನ್ನೂ, ಎರಡನೆಯದರಲ್ಲಿ ಅಲ್ಲಿ ಏನಿದೆಯೆಂಬುದನ್ನೂ, ಮೂರನೆಯದರಲ್ಲಿ ಅದರಿಂದ ಏನು ಸಿದ್ಧವಾಗುತ್ತದೆಂಬುದನ್ನೂ ಬರೆದುಕೊಳ್ಳಿರಿ. ಮೂರನೆಯ ಅಂಕಣವು ಬರಿದಾಗಿದ್ದರೆ ಆ ಸಾಕ್ಷ್ಯವನ್ನು ಇನ್ನೂ ನೀವು ಆಲೋಚಿಸಿಲ್ಲವೆಂದು ತಿಳಿಯಿರಿ. ಸಾರಾಂಶವೂ ಟಿಪ್ಪಣಿಯೂ ಗೈಡು ಪುಸ್ತಕಗಳಲ್ಲಿ ಮಾತ್ರವಲ್ಲದೆ ಕೈಯಲ್ಲಿರುವ ಮೊಬೈಲಿನಲ್ಲಿಯೂ ಕ್ಷಣಮಾತ್ರದಲ್ಲಿ ದೊರೆಯುವ ಈ ಕಾಲದಲ್ಲಿ, ಎರಡನೆಯ ಅಂಕಣವನ್ನು ಯಾರಾದರೂ ತುಂಬಿಕೊಟ್ಟಾರು. ಮೂರನೆಯದು ನಿಮ್ಮ ಸ್ವಂತ ದುಡಿಮೆಯಾಗಿರಬೇಕು.

ಈಗ ಮೇಲಿನ ಪ್ರತಿಜ್ಞೆಗೆ ಸಂಬಂಧಿಸಿದ ಒಂದು ಕಂಡಿಕೆಯನ್ನು ಮಾದರಿಯಾಗಿ ಬರೆಯೋಣ:

"ಭೀಷ್ಮರ ಬಳಿಗೆ ಹೋಗುವ ದಾರಿಯಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗವನ್ನು ದಾಟುತ್ತಾನೆ. ದ್ರೋಣ, ಅಭಿಮನ್ಯು, ಮಗನಾದ ಲಕ್ಷಣಕುಮಾರ, ತಮ್ಮನಾದ ದುಶ್ಶಾಸನ, ಗೆಳೆಯನಾದ ಕರ್ಣ, ಇವರ ಕಳೇಬರಗಳು ಒಂದಾದ ಮೇಲೊಂದು ಅವನ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಅಭಿಮನ್ಯುವಿನದು ಶತ್ರುವಿನ ಮಗನ ಶವ. ಅದರ ಮುಂದೆಯೂ ಅವನು ನಿಂತು ಆ ಬಾಲಕನ ಪರಾಕ್ರಮವನ್ನು ಮೆಚ್ಚಿ, ತನಗೂ ಅಂತಹ ಮರಣವು ಲಭಿಸಲೆಂದು ಬಯಸುತ್ತಾನೆ. ಕೇವಲ ದ್ವೇಷದಿಂದ ತುಂಬಿದವನಿಗೆ ಈ ಮೆಚ್ಚುಗೆಯು ಸಾಧ್ಯವಾಗುತ್ತಿರಲಿಲ್ಲ. ಕರ್ಣನ ಮುಂದೆ ಶೋಕಿಸುವಾಗ ಗೆಳೆಯನ ಜನ್ಮರಹಸ್ಯವು ತನಗೆ ಗೊತ್ತಿತ್ತೆಂದು ಅವನು ನುಡಿಯುತ್ತಾನೆ. ಆದುದರಿಂದ ಕರ್ಣನನ್ನು ಅವನ ಸ್ವಂತ ತಮ್ಮಂದಿರ ಮೇಲೆ ಯುದ್ಧಕ್ಕೆ ಕಳುಹಿಸಿದ್ದು ಅಜ್ಞಾನದಿಂದಲ್ಲ. ಈ ಮಾತಿನಲ್ಲಿ ಶೋಕದೊಡನೆ ಅಪರಾಧದ ಅರಿವೂ ಸೇರಿಕೊಂಡಿದೆ. ಶತ್ರುವಿನ ಗುಣವನ್ನು ಕಾಣಬಲ್ಲ, ತನ್ನ ತಪ್ಪನ್ನು ಅರಿಯಬಲ್ಲ ಮನುಷ್ಯನು ಇಷ್ಟಾದ ಮೇಲೆಯೂ ಭೀಷ್ಮರ ಸಂಧಿಯ ಹಿತವಚನಕ್ಕೆ ಒಪ್ಪದೆ ಹೋಗುವುದರಿಂದಲೇ ನಮ್ಮ ಮನಸ್ಸು ಮರುಗುತ್ತದೆ."

ಈ ಕಂಡಿಕೆಯನ್ನು ಬಿಡಿಸಿ ನೋಡಿರಿ. ಇಡೀ ಯುದ್ಧದ ಕಥೆಯು ಇದರಲ್ಲಿಲ್ಲ. ವಾದಕ್ಕೆ ಬೇಕಾದ ಸನ್ನಿವೇಶವೊಂದನ್ನು ಮಾತ್ರ ಆರಿಸಿಕೊಂಡಿದೆ. ಐದು ಶವಗಳನ್ನು ಹೆಸರಿಸಿದ್ದರೂ ಎರಡರ ಬಳಿ ಮಾತ್ರ ನಿಂತಿದೆ. ಪ್ರತಿಯೊಂದು ಸಂಗತಿಯ ಬೆನ್ನಲ್ಲಿಯೇ ಅದರಿಂದ ಸಿದ್ಧವಾಗುವ ಅಂಶವನ್ನು ಹೇಳಿದೆ. ಕೊನೆಯ ವಾಕ್ಯವು ಪ್ರತಿಜ್ಞೆಯ ಬಳಿಗೆ ಮರಳಿ ಬಂದು ಸೇರಿದೆ. ಉತ್ತರಪತ್ರಿಕೆಯಲ್ಲಿ ಇಂತಹ ಮೂರು ನಾಲ್ಕು ಕಂಡಿಕೆಗಳಿದ್ದರೆ ಸಾಕು.

ಶಬ್ದಗಳ ವಿಷಯದಲ್ಲಿಯೂ ಸಾಕ್ಷ್ಯವು ಬೇಕು. ಹಳಗನ್ನಡದ ಶಬ್ದದ ಅರ್ಥವನ್ನು ಊಹಿಸಿ ಅದರ ಮೇಲೆ ವಾದವನ್ನು ಕಟ್ಟುವುದು ಮರಳಿನ ಮೇಲೆ ಮನೆಯನ್ನು ಕಟ್ಟಿದಂತೆ. ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದನ್ನು ತೆರೆದು ನೋಡಿದರೆ, ಶಬ್ದಕ್ಕೆ ಅರ್ಥವನ್ನು ಕೊಡುವುದರ ಜೊತೆಗೆ ಅದು ಯಾವ ಗ್ರಂಥದಲ್ಲಿ ಪ್ರಯೋಗವಾಗಿದೆಯೆಂಬುದನ್ನೂ ಅವರು ಅಲ್ಲಲ್ಲಿ ಸೂಚಿಸಿರುವುದು ಕಾಣುತ್ತದೆ. ಪರದೇಶದಿಂದ ಬಂದು ಈ ಭಾಷೆಯನ್ನು ಕಲಿತ ಆ ಪಂಡಿತರು "ನನ್ನ ಮಾತನ್ನು ನಂಬಿರಿ" ಎಂದು ಹೇಳದೆ ಗ್ರಂಥದ ಕಡೆಗೆ ಕೈತೋರಿಸಿದರು. ನಮ್ಮ ಪ್ರಬಂಧಗಳೂ ಹಾಗೆಯೇ ಇರತಕ್ಕದ್ದು.

ಪೂರ್ವಪಕ್ಷ

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತವನ್ನು ಹೇಳುವುದಕ್ಕೆ ಮುಂಚೆ ಪೂರ್ವಪಕ್ಷವನ್ನು ನಿರೂಪಿಸುವುದು ಪದ್ಧತಿ. ಎದುರುಪಕ್ಷದವರು ಏನು ಹೇಳಬಹುದೋ ಅದನ್ನು ಅವರಿಗಿಂತಲೂ ಚೆನ್ನಾಗಿ ಹೇಳಿ, ಆ ಮೇಲೆ ಉತ್ತರವನ್ನು ಕೊಡುತ್ತಿದ್ದರು. ವಾದಪ್ರಬಂಧದ ಜೀವವು ಇಲ್ಲಿಯೇ ಇರುವುದು. ದುರ್ಬಲವಾದ ಒಂದು ಆಕ್ಷೇಪವನ್ನು ತಾವೇ ಕಲ್ಪಿಸಿಕೊಂಡು ಅದನ್ನು ಕೆಡವಿ ಸಂತೋಷಪಡುವುದು ಹುಲ್ಲಿನ ಬೆದರುಬೊಂಬೆಯೊಡನೆ ಕುಸ್ತಿಯಾಡಿದಂತೆ; ಅದರಿಂದ ಯಾರ ಬಲವೂ ತಿಳಿಯುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಭೀಮನ ಪಕ್ಷದವರಿಗೆ ಬಲವಾದ ಆಧಾರಗಳಿವೆ. ಕಾವ್ಯದ ಎರಡನೆಯ ಹೆಸರು ಭೀಮನದು. ಕವಿಯು ತನ್ನ ದೊರೆಯನ್ನು ಹೋಲಿಸಿದ್ದು ಅವನೊಡನೆ. ಕಾವ್ಯವು ಮುಗಿಯುವುದು ಅವನ ಪಟ್ಟಾಭಿಷೇಕದಲ್ಲಿ. ಇವೆಲ್ಲಕ್ಕಿಂತ ಬಲವಾದ ಆಧಾರವು ದ್ರೌಪದಿ. ತುಂಬಿದ ಸಭೆಯಲ್ಲಿ ಒಬ್ಬ ಹೆಂಗಸನ್ನು ಮುಡಿಹಿಡಿದು ಎಳೆತರಿಸಿದವನಿಗೆ ಕರುಣೆಯನ್ನು ತೋರಿಸುವುದಾದರೆ, ಆ ಹೆಂಗಸಿನ ಕಣ್ಣೀರಿಗೆ ಬೆಲೆಯೆಲ್ಲಿ? ಈ ಪ್ರಶ್ನೆಯನ್ನು ಕೇಳುವವಳು ಬುದ್ಧಿಗೆಟ್ಟವಳಲ್ಲ. ನ್ಯಾಯವಾದ ಪ್ರಶ್ನೆಯನ್ನೇ ಕೇಳುತ್ತಾಳೆ. ಇದನ್ನು ಮುಚ್ಚಿಟ್ಟು ಬರೆದ ಪ್ರಬಂಧವು ಎಷ್ಟು ಸೊಗಸಾಗಿದ್ದರೂ ಅಪ್ರಾಮಾಣಿಕವಾದುದು.

ಇದಕ್ಕೆ ಹೇಗೆ ಉತ್ತರವನ್ನು ಕೊಡಬಹುದು? ಮೊದಲು, ಒಪ್ಪಬೇಕಾದುದನ್ನು ಒಪ್ಪಿಕೊಳ್ಳಬೇಕು: ಕಾವ್ಯದ ಕಟ್ಟಡದಲ್ಲಿ ನಾಯಕಸ್ಥಾನವು ಭೀಮನದೇ, ದ್ರೌಪದಿಯ ಕೋಪವು ಧರ್ಮವಾದುದೇ. ಅನಂತರ ಭೇದವನ್ನು ತೋರಿಸಬೇಕು: ಕರುಣೆಯೆಂದರೆ ಕ್ಷಮಾಪಣೆಯಲ್ಲ. ದುರ್ಯೋಧನನು ದಂಡನೆಗೆ ಅರ್ಹನೆಂದು ತಿಳಿದೂ ಅವನ ಪತನಕ್ಕಾಗಿ ಮರುಗುವುದು ಸಾಧ್ಯ. ಭಾಸನ ಊರುಭಂಗವೆಂಬ ಸಂಸ್ಕೃತ ನಾಟಕದಲ್ಲಿಯೂ ತೊಡೆಮುರಿದು ಬಿದ್ದ ದುರ್ಯೋಧನನ ಮೇಲೆ ಮರುಕವು ಹುಟ್ಟುತ್ತದೆ. ಅದರಿಂದ ಅವನ ಅಪರಾಧಗಳು ಅಳಿಸಿಹೋಗುವುದಿಲ್ಲ. ಹೀಗೆ ಉತ್ತರವನ್ನು ಬರೆದಾಗ ನಿಮ್ಮ ಪ್ರತಿಜ್ಞೆಯು ಮೊದಲಿಗಿಂತ ಸ್ವಲ್ಪ ಸಣ್ಣದಾಗುವುದು, ಆದರೆ ಹೆಚ್ಚು ಗಟ್ಟಿಯಾಗುವುದು. "ನಾಯಕನು ದುರ್ಯೋಧನನೇ" ಎಂಬ ಮಾತನ್ನು ಬಿಟ್ಟು "ಕರುಣೆಯು ಅವನದು" ಎಂಬ ಮಾತನ್ನು ನಾವು ಹಿಡಿದದ್ದು ಇದಕ್ಕಾಗಿಯೇ.

ನಮಗೆ ಪ್ರಿಯವಾದ ವಿಷಯದಲ್ಲಿ

ಎದುರುಪಕ್ಷವನ್ನು ನ್ಯಾಯವಾಗಿ ನಿರೂಪಿಸುವ ಈ ಅಭ್ಯಾಸವು ನಮಗೆ ಸಂಬಂಧವಿಲ್ಲದ ವಿಷಯದಲ್ಲಿ ಸುಲಭ. ನಮ್ಮ ಅಭಿಮಾನಕ್ಕೆ ತಗಲುವ ವಿಷಯದಲ್ಲಿ ಕಷ್ಟ. ಇದಕ್ಕೆ ಇಂಗ್ಲಿಷ್ ಸಾಹಿತ್ಯದಿಂದ ಒಂದು ನಿದರ್ಶನವನ್ನು ಕೊಡಬಹುದು. 1600ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರನ "ಮರ್ಚೆಂಟ್ ಆಫ್ ವೆನಿಸ್" ನಾಟಕದಲ್ಲಿ ಪೋರ್ಷಿಯಳು ಪುರುಷವೇಷದಿಂದ ನ್ಯಾಯಸಭೆಗೆ ಬಂದು ಆಂಟೋನಿಯೋವಿನ ಪ್ರಾಣವನ್ನು ಉಳಿಸುವ ಕಥೆಯು ನಿಮಗೆ ತಿಳಿದದ್ದೇ. ಅವಳು ಗೆದ್ದದ್ದು ಗ್ರಂಥವನ್ನು ಓದುವ ಶಕ್ತಿಯಿಂದ: ಪತ್ರದಲ್ಲಿ ಒಂದು ಪೌಂಡು ಮಾಂಸವೆಂದಿದೆ, ರಕ್ತದ ಮಾತಿಲ್ಲ. ಪತ್ರದ ಅಕ್ಷರವನ್ನೇ ಹಿಡಿದು ನಿಂತಿದ್ದ ಷೈಲಾಕನಿಗೆ ಅವಳು ಅದೇ ಅಕ್ಷರದಿಂದ ಉತ್ತರವನ್ನು ಕೊಟ್ಟಳು. ಸಾಕ್ಷ್ಯವನ್ನು ಸೂಕ್ಷ್ಮವಾಗಿ ಓದುವುದೆಂದರೆ ಇದು.

ಆದರೆ ಅದೇ ದೃಶ್ಯದಲ್ಲಿ ಇನ್ನೊಂದು ಸಂಗತಿಯೂ ಇದೆ. ಕರುಣೆಯ ಮಹಿಮೆಯನ್ನು ಅಷ್ಟು ಮನೋಹರವಾಗಿ ವರ್ಣಿಸಿದ ಸಭೆಯಲ್ಲಿಯೇ, ಸ್ವಲ್ಪ ಹೊತ್ತಿನ ಮೇಲೆ, ಷೈಲಾಕನು ತನ್ನ ಮತವನ್ನು ಬಿಟ್ಟು ಕ್ರೈಸ್ತನಾಗಬೇಕೆಂದು ಆಂಟೋನಿಯೋ ಷರತ್ತು ಹಾಕುತ್ತಾನೆ. ಅದು ಕರುಣೆಯೆಂಬ ಹೆಸರಿನಿಂದಲೇ ನಡೆಯುತ್ತದೆ. ಪೋರ್ಷಿಯಳು ಅದನ್ನು ತಡೆಯುವುದಿಲ್ಲ. ಅವನ ಪ್ರಾಣವನ್ನು ಉಳಿಸಿದ್ದರಿಂದ ಕರುಣೆಯು ನೆರವೇರಿತೆಂದು ಕೆಲವರು ವಾದಿಸಬಹುದು. ಒತ್ತಾಯದಿಂದ ಮಾಡಿಸಿದ ವಿಶ್ವಾಸವು ವಿಶ್ವಾಸವೇ ಅಲ್ಲವೆಂದೂ, ಹಾಗೆ ಮಾಡಿಸಿದವರೇ ತಮ್ಮ ಧರ್ಮವನ್ನು ಮೀರಿದರೆಂದೂ ಮತ್ತೆ ಕೆಲವರು ವಾದಿಸಬಹುದು. ಕ್ರೈಸ್ತ ಶಾಲೆಯ ವಿದ್ಯಾರ್ಥಿನಿಯು ಈ ದೃಶ್ಯವನ್ನು ಕುರಿತು ಬರೆಯುವಾಗ ಎರಡನೆಯ ಪಕ್ಷವನ್ನು ಮರೆಮಾಡಬಾರದು. ತನ್ನವರ ತಪ್ಪನ್ನು ತೋರಿಸುವ ಸಾಕ್ಷ್ಯವನ್ನು ತಾನೇ ಮುಂದಿಡಬಲ್ಲವಳ ಮಾತನ್ನು ಮಿಕ್ಕ ವಿಷಯಗಳಲ್ಲಿಯೂ ಜನರು ನಂಬುತ್ತಾರೆ.

ಕೆಲವು ವ್ಯಾವಹಾರಿಕ ಸೂಚನೆಗಳು

1. ವಿಮರ್ಶಕರ ಗ್ರಂಥಗಳನ್ನು ಓದಿರಿ. ಆದರೆ ಮೂಲವನ್ನು ಓದಿ, ನಿಮ್ಮ ಅಭಿಪ್ರಾಯವನ್ನು ಒಂದು ವಾಕ್ಯದಲ್ಲಿ ಬರೆದಿಟ್ಟ ಮೇಲೆ ಓದಿರಿ. ಅವರಿಂದ ತೆಗೆದುಕೊಂಡ ವಿಚಾರಕ್ಕೆ ಅವರ ಹೆಸರನ್ನು ತಪ್ಪದೆ ಹೇಳಿರಿ. ದೊಡ್ಡವರು ಹೇಳಿದರೆಂಬುದು ಗೌರವಕ್ಕೆ ಕಾರಣವೇ ಹೊರತು ಪ್ರಮಾಣವಲ್ಲ. ಅವರು ಕೊಟ್ಟ ಕಾರಣವನ್ನು ಪರೀಕ್ಷಿಸಿರಿ.

2. ಉದ್ಧೃತಭಾಗವು ಚಿಕ್ಕದಾಗಿರಲಿ. ಅಡಿಗೆಯಲ್ಲಿ ಉಪ್ಪಿರುವಷ್ಟು ಇದ್ದರೆ ಸಾಕು.

3. "ಅದ್ಭುತ", "ಅತ್ಯಂತ ಮನೋಜ್ಞ", "ಅಪ್ರತಿಮ" ಎಂಬ ಮಾತುಗಳನ್ನು ಬರೆಯಬೇಕೆನಿಸಿದಾಗ ತಡೆದು, ಹಾಗೆನ್ನಿಸಿದ್ದು ಯಾವ ಶಬ್ದದಿಂದ, ಯಾವ ಸನ್ನಿವೇಶದಿಂದ ಎಂದು ಕೇಳಿಕೊಳ್ಳಿರಿ. ಆ ಉತ್ತರವನ್ನು ಬರೆಯಿರಿ. ಹೊಗಳಿಕೆಯ ಮಾತನ್ನು ಬಿಟ್ಟುಬಿಡಿರಿ.

4. ಪರೀಕ್ಷೆಯಲ್ಲಿ ಬರೆಯುವುದಕ್ಕೆ ಮುಂಚೆ ಸ್ವಲ್ಪ ಕಾಲವನ್ನು ಆಲೋಚನೆಗಾಗಿ ಕಳೆಯಲು ಹೆದರಬೇಡಿರಿ. ಪ್ರತಿಜ್ಞೆಯನ್ನೂ, ಮೂರು ಹೇತುಗಳನ್ನೂ, ಒಂದು ಪೂರ್ವಪಕ್ಷವನ್ನೂ ಗುರುತುಹಾಕಿಕೊಂಡು ಹೊರಟವಳು ಎಲ್ಲಿಯೂ ದಾರಿತಪ್ಪುವುದಿಲ್ಲ.

5. ಮನೆಯಲ್ಲಿ ಬರೆದ ಪ್ರಬಂಧವನ್ನು ಒಂದು ದಿನ ಬಿಟ್ಟು, ಗೆಳತಿಯೊಬ್ಬಳಿಗೆ ಗಟ್ಟಿಯಾಗಿ ಓದಿ ಹೇಳಿರಿ. "ಅದು ಹೇಗೆ?" ಎಂದು ಅವಳು ಕೇಳಿದ ಕಡೆಯಲ್ಲೆಲ್ಲ ಒಂದು ಹೇತುವು ಬಿಟ್ಟುಹೋಗಿರುತ್ತದೆ.

6. ಉಪಸಂಹಾರದಲ್ಲಿ ಮೊದಲಿನ ವಾಕ್ಯವನ್ನೇ ತಿರುಗಿ ಬರೆಯಬೇಡಿರಿ. ಇಷ್ಟನ್ನೆಲ್ಲ ವಿಚಾರಿಸಿದ್ದರಿಂದ ಕೃತಿಯು ಈಗ ಹೇಗೆ ಕಾಣುತ್ತದೆಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ತಿಳಿಸಿರಿ.

ಪ್ರಯೋಜನ

ಇದೆಲ್ಲವೂ ಪರೀಕ್ಷೆಯ ಅಂಕಗಳಿಗಾಗಿಯೇ ಎಂದು ಎಣಿಸಬಾರದು. ಮುಂದೆ ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರೂ, ವೈದ್ಯರೂ, ವಕೀಲರೂ ಆಗುವಿರಿ. ಎಲ್ಲರೂ ಈ ದೇಶದಲ್ಲಿ ಮತವನ್ನು ಕೊಡತಕ್ಕವರಾಗುವಿರಿ. ನಿಮ್ಮ ವ್ಯಾಸಂಗವನ್ನು ಮುಂದುವರಿಸಬೇಕೇ ನಿಲ್ಲಿಸಬೇಕೇ, ವಿವಾಹವು ಯಾವಾಗ, ಉದ್ಯೋಗವು ಯಾವುದು ಎಂಬ ಪ್ರಶ್ನೆಗಳು ನಿಮ್ಮ ಮನೆಗಳಲ್ಲಿಯೇ ಚರ್ಚೆಗೆ ಬರುವುವು. ಅಂತಹ ಸಮಯದಲ್ಲಿ ಅತ್ತು ಸುಮ್ಮನಾಗುವುದೂ ಕೂಗಾಡಿ ಮುನಿಸಿಕೊಳ್ಳುವುದೂ ಎರಡೇ ದಾರಿಗಳೆಂದು ಅನೇಕರು ತಿಳಿದಿದ್ದಾರೆ. ಮೂರನೆಯ ದಾರಿಯೊಂದಿದೆ: ತನ್ನ ಮಾತನ್ನು ಸ್ಪಷ್ಟವಾಗಿ ಹೇಳಿ, ಕಾರಣವನ್ನು ತೋರಿಸಿ, ಹಿರಿಯರ ಆಕ್ಷೇಪವನ್ನು ಗೌರವದಿಂದ ಕೇಳಿ, ಒಪ್ಪತಕ್ಕದ್ದನ್ನು ಒಪ್ಪಿ, ಮಿಕ್ಕದ್ದಕ್ಕೆ ಶಾಂತವಾಗಿ ಉತ್ತರವನ್ನು ಕೊಡುವುದು. ಕಾವ್ಯವನ್ನು ಕುರಿತು ವಾದಿಸುವುದನ್ನು ಕಲಿತವಳಿಗೆ ಈ ದಾರಿಯಲ್ಲಿ ನಡೆದ ಅಭ್ಯಾಸವಿರುತ್ತದೆ. ದೇವರು ನಿಮಗೆ ಕೊಟ್ಟಿರುವ ಬುದ್ಧಿಯನ್ನು ಸತ್ಯಕ್ಕಾಗಿಯೂ ವಿನಯದಿಂದಲೂ ಉಪಯೋಗಿಸುವ ಶಕ್ತಿಯನ್ನು ಆತನೇ ಅನುಗ್ರಹಿಸಲಿ.